ಸೈರನ್ ಇದ್ದರೆ ಸಾಕಾ?

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಆದರೆ ಈ ವಿಷಯ ಕೆಲವು ತಿಂಗಳಿಂದ ತಲೆ ಕೊರೀತಾ ಇದೆ. ಹೇಳಿ ಹಗುರಾಗೋಣ ಅಂತ ಕೂತಿದ್ದೀನಿ.

ರಜೆಗೆ ಕೊಟ್ಟೂರಿಗೆ ಹೋಗಿದ್ದೆ. ಸಂಜೆ ಮಂಡಕ್ಕಿ ಮಿರ್ಚಿ ತಿಂದು, ಹರಟೆ ಹೊಡೆದು ಮಲಗಿದ್ದೆವು. ನಡುರಾತ್ರಿ ದೊಡ್ಡಮ್ಮ ಬಾಗಿಲು ಬಡಿದರು. ದೊಡ್ಡಪ್ಪನಿಗೆ ಉಸಿರು ಹಿಡಿದಂತಾಗಿ ಮೈಯೆಲ್ಲ ಬೆವರುತ್ತಿತ್ತು. ಹತ್ತಿರದ ಆಸ್ಪತ್ರೆಯೊಂದಕ್ಕೆ ಒಯ್ದೆವು. ಅವರು ನೋಡಿ, "ಹಾರ್ಟಿನ ತೊಂದರೆ ಇದ್ದಂಗಿದೆ, ದಾವಣಗೆರೆಗೆ ಕರ್ಕೊಂಡು ಹೋಗಿಬಿಡಿ" ಅಂದರು. ಹೊರಗೆ ಒಂದು ಖಾಸಗಿ ಆಂಬುಲೆನ್ಸ್ ನಿಂತಿತ್ತು. ಹಿಂದುಮುಂದು ನೋಡದೆ ಹತ್ತಿಸಿಬಿಟ್ಟೆವು.

ಗಾಡಿ ಹೊಸದೇ. ಕೆಂಪು ದೀಪ, ಸೈರನ್, ಸ್ಟ್ರೆಚರ್, ಆಕ್ಸಿಜನ್ ಸಿಲಿಂಡರ್ ಎಲ್ಲ ಇತ್ತು. ಇಲ್ಲದೆ ಇದ್ದಿದ್ದು ಮನುಷ್ಯ! ಡ್ರೈವರ್ ಒಬ್ಬನೇ. "ಅಣ್ಣಾ, ನೀವ ಮಾಸ್ಕ್ ಹಿಡಕೊಂಡು ಕುಂದ್ರಿ, ನಾ ಬಿರಬಿರನೆ ಹೊಡಿತೀನಿ" ಅಂದ. ಪಾಪ, ಹೇಳಿದ ಹಾಗೆ ಹೊಡೆದ. ಹರಪನಹಳ್ಳಿ ದಾಟಿ ದಾವಣಗೆರೆ ಸೇರುವವರೆಗೂ ನಾನು ಒಂದು ಕೈಲಿ ಮಾಸ್ಕು, ಇನ್ನೊಂದು ಕೈಲಿ ದೊಡ್ಡಪ್ಪನ ಕೈ ಹಿಡಿದು ಕೂತಿದ್ದೆ. ಅವರು ಪದೇ ಪದೇ ಏಳಲು ನೋಡೋರು. ನಾನು "ಏಳಬೇಡ್ರಿ ದೊಡ್ಡಪ್ಪ, ಮಲಕ್ಕೊಳ್ರಿ" ಅಂತ ಒತ್ತಿ ಮಲಗಿಸುತ್ತಿದ್ದೆ.

ದಾವಣಗೆರೆಯಲ್ಲಿ ಬಾಗಿಲು ತೆಗೆದ ನರ್ಸ್ ಮೊದಲು ಕೇಳಿದ್ದೇ, "ಉಸಿರಾಡಕ್ಕೆ ಆಗದೋರನ್ನ ಯಾಕ್ರೀ ಚಪ್ಪಟೆ ಮಲಗಿಸ್ಕೊಂಡು ಬಂದ್ರಿ? ಒರಗಿಸಿ ಕೂರಿಸಬೇಕಿತ್ತು."

ದೊಡ್ಡಪ್ಪ ಈಗ ಆರಾಮಿದ್ದಾರೆ, ದೇವರು ದೊಡ್ಡವನು. ಆದರೆ ಆ ಮಾತು ನನ್ನನ್ನು ಬಿಟ್ಟಿಲ್ಲ. ಅವರ ದೇಹಕ್ಕೆ ಏನು ಬೇಕು ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ಏಳುತ್ತಿದ್ದರು. ತಡೆದಿದ್ದು ನಾನು, ಬಿ.ಇ. ಓದಿದವನು! ಸ್ಟ್ರೆಚರಿನ ತಲೆಭಾಗ ಎತ್ತೋಕೆ ಒಂದು ಹಿಡಿಕೆ ಕೂಡ ಇತ್ತಂತೆ.

ನಮ್ಮ ಕಂಪನಿಯಲ್ಲಿ ಒಂದು ಲಾಗಿನ್ ಪೇಜ್ ಮುಟ್ಟೋ ಮುಂಚೆ ನನಗೆ ಮೂರು ತಿಂಗಳು ಟ್ರೈನಿಂಗ್ ಕೊಟ್ಟಿದ್ದರು. ಅದು ಕೆಟ್ಟರೆ ಯಾರೂ ಸಾಯಲ್ಲ. ರೋಗಿಯ ಪಕ್ಕ ಕೂರುವವನಿಗೆ ಎಷ್ಟು ತರಬೇತಿ ಬೇಕು?

ನಮ್ಮ ರಾಜ್ಯಕ್ಕೆ 108ರ 'ಆರೋಗ್ಯ ಕವಚ' ಬಂದಿದ್ದು 2008ರ ನವೆಂಬರ್ 1ಕ್ಕೆ. ಅದಕ್ಕೂ ಮುಂಚೆ ಆಂಬುಲೆನ್ಸ್ ಅಂದರೆ ಹಳ್ಳಿ ಕಡೆ ಟ್ರ್ಯಾಕ್ಟರ್, ಇಲ್ಲಾ ಗೂಡ್ಸ್ ಗಾಡಿ. 108ರಲ್ಲಿ ಡ್ರೈವರ್ ಜೊತೆ ಒಬ್ಬ ಇಎಂಟಿ ಇರುತ್ತಾರೆ. ಹೆಚ್ಚಿನವರು ನರ್ಸಿಂಗ್ ಅಥವಾ ವಿಜ್ಞಾನ ಓದಿದವರು, ಮೇಲೆ ಕೆಲವು ವಾರಗಳ ತರಬೇತಿ. ಓಡುವ ಗಾಡಿಯಲ್ಲೇ ಹೆರಿಗೆ ಮಾಡಿಸಿದವರಿದ್ದಾರೆ. ಅವರಿಗೊಂದು ದೊಡ್ಡ ಸಲಾಂ.

ಆದರೂ ಕೆಲವು ವಾರ ಸಾಕಾ? ಅಮೆರಿಕದಲ್ಲಿ ಮೊದಲ ಮೆಟ್ಟಿಲಿನ ಇಎಂಟಿಗೇ 150ರಿಂದ 190 ಗಂಟೆ ಪಾಠ, ಪ್ಯಾರಾಮೆಡಿಕ್ ಆಗಲು ಸಾವಿರ ಗಂಟೆಗೂ ಹೆಚ್ಚು. ಬರೀ ಗಂಟೆ ಲೆಕ್ಕ ಹಾಕಿದರೆ ನಮ್ಮವರು ತೀರಾ ಹಿಂದೇನಿಲ್ಲ. ನನಗೆ ಚಿಂತೆ ಆಗೋದು ಆಮೇಲಿನದರ ಬಗ್ಗೆ. ಎದೆ ಒತ್ತುವ ಸಿಪಿಆರ್ ಇದೆಯಲ್ಲ, ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗಾದರೆ ಕನಿಷ್ಠ 5 ಸೆಂ.ಮೀ. ಆಳ. ಅಭ್ಯಾಸ ತಪ್ಪಿದರೆ ಕೆಲವೇ ತಿಂಗಳಲ್ಲಿ ಕೈ ಮರೆತುಬಿಡುತ್ತೆ. ಒಂದು ಸಲ ಕಲಿಸಿ ಬಿಟ್ಟರೆ ಆಗಲ್ಲ, ಮತ್ತೆ ಮತ್ತೆ ಮಾಡಿಸಬೇಕು. ಜೊತೆಗೆ ಸರಿಯಾದ ಸಂಬಳ. ಸಂಬಳಕ್ಕಾಗಿ 108ರ ನೌಕರರು ಬೀದಿಗಿಳಿದ ಸುದ್ದಿ ಎಷ್ಟು ಸಲ ಓದಿಲ್ಲ? ನುರಿತವರು ಬಿಟ್ಟು ಹೋದರೆ ತರಬೇತಿಯೂ ಅವರ ಜೊತೆ ಹೋದಂತೆ.

ಊರಿನ ಲೆಕ್ಕವೇ ತಗೊಳ್ಳಿ. ನಮ್ಮದು ಬಯಲುಸೀಮೆ, ಹೊಲದಲ್ಲಿ ಹಾವು ಕಡಿಯೋದು ಅಪರೂಪವಲ್ಲ. ಸರ್ಕಾರವೇ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕಟ್ಟು ಹಾವು ಕಡಿದರೆ ಉಸಿರಾಟದ ಸ್ನಾಯುಗಳೇ ಸೋತು ಹೋಗಬಹುದು. ದಾರಿಯಲ್ಲಿ ಬ್ಯಾಗ್ ಒತ್ತಿ ಉಸಿರು ಕೊಡಲು ಬಲ್ಲವರಿದ್ದರೆ ಆ ಜೀವ ಆಸ್ಪತ್ರೆ ಮುಟ್ಟುತ್ತೆ. ಸೈರನ್ ಎಷ್ಟು ಜೋರಾಗಿ ಕೂಗಿದರೂ ಉಸಿರು ಬರಲ್ಲ.

ಇನ್ನು ಖಾಸಗಿ ಗಾಡಿಗಳು. ಆಂಬುಲೆನ್ಸ್ ಹೇಗಿರಬೇಕು ಅನ್ನೋದಕ್ಕೆ ಎಐಎಸ್-125 ಅಂತ ಮಾನದಂಡವೇ ಇದೆ. ಎ, ಬಿ, ಸಿ, ಡಿ ಅಂತ ನಾಲ್ಕು ಬಗೆ ಮಾಡಿದ್ದಾರೆ. ಹಾರ್ಡ್‌ವೇರ್‌ಗೆ ಸ್ಪೆಸಿಫಿಕೇಶನ್ ಇದೆ, ಒಳಗೆ ಕೂರುವ ಮನುಷ್ಯನನ್ನು ಕೇಳೋರಿಲ್ಲ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಲ್ಲಿ ತುರ್ತು ವೈದ್ಯಕೀಯ ತಂತ್ರಜ್ಞರ ಹೆಸರೂ ಇದೆ. ಆ ಕಾಯ್ದೆ ನಡುರಾತ್ರಿ ಹರಪನಹಳ್ಳಿ ದಾಟುವ ಗಾಡಿಯೊಳಗೂ ಬರಬೇಕು. ತರಬೇತಾದವರಿಲ್ಲದೆ ರೋಗಿಯನ್ನು ಹತ್ತಿಸುವಂತಿಲ್ಲ ಅಂತ ಪರ್ಮಿಟ್ ಕೊಡುವಾಗಲೇ ಷರತ್ತು ಹಾಕಲಿ. ಬಾಡಿಗೆ ಜಾಸ್ತಿ ಆಗುತ್ತೆ, ಗಾಡಿಗಳು ಕಡಿಮೆ ಆಗುತ್ತವೆ ಅನ್ನೋರಿದ್ದಾರೆ. ಇರಬಹುದು. ಹಾಗಾದರೆ ಮೊದಲ ಹೆಜ್ಜೆಯಾಗಿ ಡ್ರೈವರ್‌ಗಳಿಗಾದರೂ ಕಲಿಸಿ. ಅವತ್ತು ಆ ಹುಡುಗನಿಗೆ ಹಿಡಿಕೆಯ ಉಪಯೋಗ ಗೊತ್ತಿದ್ದರೆ ಸಾಕಿತ್ತು.

ಕೊನೆಗೆ, ನಾವು ನೀವು. 2017ರ ಫೆಬ್ರವರಿ ನೆನಪಿದೆಯಾ? ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ ಸೈಕಲ್ ಹುಡುಗ ರಕ್ತ ಸುರಿಸುತ್ತ ಬೇಡುತ್ತಿದ್ದರೆ ಜನ ಮೊಬೈಲಲ್ಲಿ ವಿಡಿಯೋ ಮಾಡುತ್ತ ನಿಂತಿದ್ದರು. ಹುಡುಗ ಉಳಿಯಲಿಲ್ಲ. ಅದೇ ತಿಂಗಳು ನಮ್ಮೂರ ಕೊಟ್ಟೂರೇಶ್ವರನ ತೇರು ಉರುಳಿ ಹಲವರು ಗಾಯಗೊಂಡರು. ಇಲ್ಲಿ ಜನ ನಿಂತು ನೋಡಲಿಲ್ಲ, ಕೈ ಹಾಕಿದರು. ಆದರೆ ಬಿದ್ದವರನ್ನು ಕೈಕಾಲು ಹಿಡಿದು ಎತ್ತಿದರೆ ಬೆನ್ನುಹುರಿಗೆ ಅಪಾಯ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮನಸ್ಸಿದ್ದರೆ ಸಾಲದು ಸ್ವಾಮಿ, ಕೈಗೂ ಪಾಠ ಆಗಿರಬೇಕು.

ಪ್ರತಿ ವರ್ಷ ಜಾತ್ರೆಗೆ ಲಕ್ಷಾಂತರ ಜನ ಸೇರ್ತಾರೆ, ದಾವಣಗೆರೆಯಿಂದ ನಡ್ಕೊಂಡೇ ಬರ್ತಾರೆ. ದಾರಿಯುದ್ದಕ್ಕೂ ಊಟ, ಮಜ್ಜಿಗೆ ಹಂಚುವ ಹುಡುಗರಿದ್ದಾರೆ. ಅವರಿಗೆ ಒಂದು ದಿನ ಕಲಿಸೋದು ಕಷ್ಟವಾ? ರಕ್ತ ಸೋರುವ ಜಾಗ ಬಟ್ಟೆಯಿಂದ ಒತ್ತಿ ಹಿಡಿಯೋದು, ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕದಿರೋದು, ಎದೆ ಒತ್ತೋದು. ಇಷ್ಟೇ.

ನಾನಂತೂ ಪ್ರಥಮ ಚಿಕಿತ್ಸೆಯ ಕೋರ್ಸಿಗೆ ಸೇರಿದ್ದೀನಿ. ಬೊಂಬೆಯ ಎದೆ ಒತ್ತಿ ಒತ್ತಿ ಎರಡೇ ನಿಮಿಷಕ್ಕೆ ಕೈ ಸೋತು ಹೋಯ್ತು ಮಾರಾಯ್ರೆ! ದೊಡ್ಡಪ್ಪನಿಗೆ ಫೋನಲ್ಲಿ ಹೇಳಿದೆ. "ಮುಂದಿನ ಸಲ ನನ್ನ ಎಬ್ಬಿಸಿ ಕುಂದ್ರಸ್ತಿ ಹಂಗಾರ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ನಿಮ್ಮೂರ ಆಂಬುಲೆನ್ಸಿನಲ್ಲಿ ಡ್ರೈವರ್ ಬಿಟ್ಟು ಇನ್ನೊಬ್ಬರಿದ್ದಾರಾ? ಒಮ್ಮೆ ವಿಚಾರಿಸಿ ನೋಡಿ, ಇಲ್ಲಿ ಬಂದು ಹೇಳಿ.