ಮಾರ್ಕೆಟ್ ಹತ್ರ ಬಿಟ್ರೆ ಮರಿ ಬದುಕ್ಕೊಳ್ತವಾ?

‘ಅಂತರಸನಹಳ್ಳಿ ಮಾರ್ಕೆಟ್ ಹತ್ರ ಬಿಟ್ಟು ಬಾ, ಹೆಂಗೋ ಬದುಕ್ಕೊಳ್ತವೆ.’

ಮನೆ ನಾಯಿ ಮರಿ ಹಾಕಿದಾಗ ನಾವು ಕೇಳುತ್ತಾ ಬಂದಿರುವ ಮಾತು ಇದು. ಗಂಡುಮರಿ ಒಂದನ್ನು ಇಟ್ಟುಕೊಳ್ಳುತ್ತಾರೆ. ಹೆಣ್ಣುಮರಿಗಳು ಗೋಣಿಚೀಲ ಸೇರುತ್ತವೆ. ಬೆಳಗಿನ ಜಾವ ಟೊಮೆಟೊ ಕ್ರೇಟುಗಳ ಜೊತೆ ಅವೂ ಗಾಡಿ ಹತ್ತುತ್ತವೆ. ತರಕಾರಿ ಮಾರ್ಕೆಟ್‌ನಲ್ಲಿ ಕಣ್ಣು ಬಿಡದ, ಹಲ್ಲು ಬಾರದ ಮರಿ ಏನು ತಿನ್ನಬೇಕು? ಎಲೆಕೋಸಾ?

ನೇರವಾಗಿಯೇ ಹೇಳುತ್ತೇವೆ. ಹಾಗೆ ಬಿಟ್ಟ ಎಳೆಮರಿ ಬದುಕುವುದಿಲ್ಲ. ಹಸಿವಿಗೂ ಮೊದಲು ಅದನ್ನು ಚಳಿ ಕೊಲ್ಲುತ್ತದೆ.

ಹುಟ್ಟಿದ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳಲು ಬರುವುದಿಲ್ಲ. ಚಳಿಗೆ ನಡುಗುವ ಶಕ್ತಿಯೂ ಇರುವುದಿಲ್ಲ. ಮೊದಲ ವಾರ ಅದರ ಸುತ್ತ ಸುಮಾರು 30 ಡಿಗ್ರಿ ಬಿಸಿ ಇರಬೇಕು. ಧನುರ್ಮಾಸದ ಮುಂಜಾನೆ ನಮ್ಮ ತುಮಕೂರಿನಲ್ಲಿ ಇರುವುದು ಅದರ ಅರ್ಧದ ಆಸುಪಾಸು. ಆ ಬಿಸಿ ಕೊಡುವುದು ತಾಯಿಯ ಹೊಟ್ಟೆ. ಕಣ್ಣು ಬಿಡಲು 10ರಿಂದ 14 ದಿನ ಬೇಕು. ಮೊದಲ ಎರಡು ಮೂರು ವಾರ ತಾಯಿ ನೆಕ್ಕದಿದ್ದರೆ ಉಚ್ಚೆ ಹೊಯ್ಯುವುದಕ್ಕೂ ಆಗುವುದಿಲ್ಲ. ಅಂಥದ್ದನ್ನು ಚೀಲಕ್ಕೆ ಹಾಕಿ ‘ಬದುಕ್ಕೊಳ್ತವೆ’ ಅನ್ನುವುದು ನಮ್ಮ ಮನಸ್ಸಿಗೆ ನಾವೇ ಹೇಳಿಕೊಳ್ಳುವ ಸುಳ್ಳು.

‘ಅಯ್ಯೋ ಪಾಪ’ ಅಂತ ಹಾಲು ಹಿಡಿದು ಓಡುವವರಿಗೂ ಒಂದು ಮಾತು. ಮೈ ತಣ್ಣಗಾದ ಮರಿಗೆ ಹಾಲು ಹಾಕಬೇಡಿ. ಅದಕ್ಕೆ ಜೀರ್ಣವಾಗುವುದಿಲ್ಲ, ಹಾಲು ಶ್ವಾಸಕೋಶಕ್ಕೂ ಇಳಿಯಬಹುದು. ಮೊದಲು ನಿಧಾನವಾಗಿ ಬೆಚ್ಚಗೆ ಮಾಡಿ. ಬಾಟಲಿಗೆ ಬಿಸಿನೀರು ತುಂಬಿ, ಹಳೇ ಬಟ್ಟೆ ಸುತ್ತಿ, ಮರಿಯ ಪಕ್ಕದಲ್ಲಿ ಇಡಿ. ಒಲೆಯ ಮುಂದೆ ಇಡಬೇಡಿ, ಸ್ನಾನ ಮಾಡಿಸಬೇಡಿ. ನಾಯಿಯ ಹಾಲಿನಷ್ಟು ಹಸುವಿನ ಹಾಲು ಗಟ್ಟಿ ಇರುವುದಿಲ್ಲ, ಮರಿಗೆ ಭೇದಿಯೂ ಆಗಬಹುದು. ತಾಯಿ ಇಲ್ಲದಿದ್ದರೆ ಏನು ಕುಡಿಸಬೇಕು ಅಂತ ಪಶು ಡಾಕ್ಟರನ್ನೇ ಕೇಳಿ.

ತಾಯಿ ಇದ್ದರೆ ಕೆಲಸ ಇನ್ನೂ ಸುಲಭ. ಗಾಳಿ, ಮಳೆ, ಗಾಡಿ ಬಾರದ ಒಂದು ಮೂಲೆ. ಅಡ್ಡ ಮಲಗಿಸಿದ ರಟ್ಟಿನ ಡಬ್ಬ. ಒಳಗೆ ಒಣ ರಾಗಿಹುಲ್ಲು ಇಲ್ಲವೇ ಗೋಣಿಚೀಲ, ಒದ್ದೆಯಾದರೆ ಬದಲಾಯಿಸಿ. ಮರಿಗಳು ಒಂದರ ಮೇಲೊಂದು ಬಿದ್ದು ಅಳುತ್ತಿದ್ದರೆ ಚಳಿ ಅಂತ ಅರ್ಥ. ದೂರ ದೂರ ಹರಡಿಕೊಂಡು ಏದುಸಿರು ಬಿಡುತ್ತಿದ್ದರೆ ಸೆಕೆ. ತಾಯಿಗೆ ಎರಡು ಹೊತ್ತು ಹೊಟ್ಟೆ ತುಂಬ ಊಟ, ಯಾವಾಗಲೂ ನೀರು ಇರಲಿ. ಮಕ್ಕಳು ಮರಿ ಮುಟ್ಟಲು ಹೋಗದಂತೆ ನೋಡಿಕೊಳ್ಳಿ, ಬಾಣಂತಿ ನಾಯಿ ಕಚ್ಚುತ್ತದೆ. ಗಾಡಿ ಸ್ಟಾರ್ಟ್ ಮಾಡುವ ಮೊದಲು ಒಮ್ಮೆ ಅಡಿಗೆ ಬಗ್ಗಿ ನೋಡಿ.

‘ಬೀದಿನಾಯಿ ಕಾಟಕ್ಕೆ ಓಡಾಡೋಕೆ ಆಗ್ತಿಲ್ಲ, ನಿಮಗೆ ಮರಿ ಚಿಂತೆ’ ಅಂತ ಬೈಯುವವರಿದ್ದೀರಿ. ಆ ಭಯ ಸುಳ್ಳಲ್ಲ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೇ ಇಲ್ಲ ಅನ್ನಬಹುದು. ಆದರೆ ಬೀದಿಗೆ ನಾಯಿ ಎಲ್ಲಿಂದ ಬಂತು? ಸ್ವಲ್ಪ ಬೆಳೆದ ಮೇಲೆ ಬಿಟ್ಟ ಹೆಣ್ಣುಮರಿ ಹೇಗೋ ಉಳಿಯುತ್ತದೆ, ಲಸಿಕೆ ಇಲ್ಲದೆ ಬೆಳೆಯುತ್ತದೆ, ವರ್ಷದೊಳಗೇ ತಾನೂ ಮರಿ ಹಾಕಬಹುದು. ನಾವೇ ಬಿತ್ತಿ ನಾವೇ ಬೈಯುತ್ತಿದ್ದೇವೆ.

ಕಾನೂನೂ ಇದೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ! ಕೊತ್ತಂಬರಿ ಕಟ್ಟಿನ ಬೆಲೆಗೆ ಒಂದು ಜೀವ. ಇದು ಕಾನೂನಿಗೇ ನಾಚಿಕೆ. ಹೊಡೆದೋ ವಿಷ ಹಾಕಿಯೋ ಕೊಂದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲು.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಇನ್ನೂ ಸ್ಪಷ್ಟ. ಸಾಕಿದ ನಾಯಿಯ ಲಸಿಕೆ, ಸಂತಾನಹರಣ ಸಾಕಿದವರ ಹೊಣೆ. ಬೀದಿನಾಯಿಯದ್ದು ಸ್ಥಳೀಯ ಸಂಸ್ಥೆಯ ಹೊಣೆ. ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಎದ್ದು ನಿಂತು ಕೇಳಿ: ನಮ್ಮೂರ ನಾಯಿಗಳಿಗೆ ಆಪರೇಷನ್ ಯಾವಾಗ?

ಅಲ್ಲಿಯವರೆಗೆ ನಿಮ್ಮ ಮನೆಯ ಮರಿಗಳನ್ನು ಎಂಟು ವಾರ ತಾಯಿಯ ಹತ್ತಿರವೇ ಇರಲು ಬಿಡಿ. ಆಮೇಲೆ ಸಾಕುವವರ ಕೈಗೇ ಕೊಡಿ. ಬೆಳಗಿನ ಗಾಡಿಯಲ್ಲಿ ಟೊಮೆಟೊ ಮಾತ್ರ ಹೋಗಲಿ.