ಕರುಳಿನ ಕಾವಲಿನ ಸುದ್ದಿ ನಮಗೇಕೆ ಬೇಡ?

ಪಲ್ಸ್ ಪೋಲಿಯೊ ಭಾನುವಾರ ಬೂತ್ ಮುಂದೆ ಒಂದು ಫೋಟೊ ತೆಗೆದು, ‘ಶೇಕಡ ಇಷ್ಟು ಸಾಧನೆ’ ಎಂದು ನಾಲ್ಕು ಸಾಲು ಕಳಿಸಿ ಮನೆಗೆ ಹೋಗುವವರಲ್ಲಿ ನಾನೂ ಒಬ್ಬ. ಕಳೆದ ಸಲ ಒಬ್ಬ ತಾಯಿ ಆಶಾ ಕಾರ್ಯಕರ್ತೆಯನ್ನು ಕೇಳಿದರು: ‘ಅಕ್ಕಾ, ಪೋಲಿಯೊ ಇಂಜೆಕ್ಷನ್ ಹಾಕ್ಸಿದೀವಲ್ಲ, ಮತ್ತೆ ಹನಿ ಯಾಕೆ?’ ‘ಮೇಲಿಂದ ಹೇಳಿದಾರೆ, ಹಾಕಿಸ್ಕಳವ್ವ’ ಎಂದಷ್ಟೇ ಉತ್ತರ ಬಂತು. ಆಶಾ ಅಕ್ಕನನ್ನು ದೂರುವುದಿಲ್ಲ. ಅದಕ್ಕೆ ಉತ್ತರ ಪತ್ರಿಕೆಯಲ್ಲಿ ಸಿಗಬೇಕಿತ್ತು. ನಾವು ಬರೆದಿರಲಿಲ್ಲ.

ನಾವು ಬರೆಯುವುದು ‘ರೋಗನಿರೋಧಕ ಶಕ್ತಿ ಹೆಚ್ಚಿಸುವ ಮನೆಮದ್ದುಗಳು’. ಮಳೆಗಾಲಕ್ಕೊಮ್ಮೆ, ಚಳಿಗಾಲಕ್ಕೊಮ್ಮೆ. ಆ ಶಕ್ತಿ ಎಂಬುದು ಓವರ್‌ಹೆಡ್ ಟ್ಯಾಂಕ್, ಕಷಾಯ ಸುರಿದರೆ ಮಟ್ಟ ಏರುತ್ತದೆ ಎಂಬಂತೆ!

ದೇಹದಲ್ಲಿ ಅಂಥ ಟ್ಯಾಂಕ್ ಇಲ್ಲ. ಮೂಗು, ಗಂಟಲು, ಶ್ವಾಸಕೋಶ, ಕರುಳುಗಳ ಒಳಗೋಡೆಯ ಲೋಳೆಪೊರೆಗೆ ಅದರದೇ ಕಾವಲಿದೆ. ಪೊರೆಯ ಕೆಳಗಿನ ಪ್ಲಾಸ್ಮಾ ಕೋಶಗಳು ಐಜಿಎ ಎಂಬ ಪ್ರತಿಕಾಯ ತಯಾರಿಸುತ್ತವೆ. ಅದು ಪೊರೆ ದಾಟಿ ಲೋಳೆಗೆ ಸೇರಿ, ವೈರಸ್ಸು ಜೀವಕೋಶಕ್ಕೆ ಅಂಟದಂತೆ ತಡೆಯುತ್ತದೆ. ತಪ್ಪಿಸಿಕೊಂಡು ಒಳಹೊಕ್ಕದ್ದಕ್ಕೆ ಟಿ ಕೋಶಗಳಿವೆ. ಒಂದು ಸೋಂಕು ಬಂದು ಹೋದ ಮೇಲೆ ಇವುಗಳಲ್ಲಿ ಕೆಲವು ರಕ್ತಕ್ಕೆ ಮರಳದೆ ಆ ಪೊರೆಯಲ್ಲೇ ಠಿಕಾಣಿ ಹೂಡುತ್ತವೆ. ಅದೇ ವೈರಸ್ಸು ಮತ್ತೆ ಬಂದರೆ ಸೋಂಕಿತ ಕೋಶವನ್ನು ಕೊಲ್ಲುತ್ತವೆ, ಇಂಟರ್‌ಫೆರಾನ್ ಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ.

ಪೋಲಿಯೊ ವೈರಸ್ಸು ಬೆಳೆಯುವುದು ಕರುಳಿನಲ್ಲಿ. ಚುಚ್ಚುಮದ್ದು ಮುಖ್ಯವಾಗಿ ರಕ್ತವನ್ನು ಕಾಯುತ್ತದೆ. ವೈರಸ್ಸು ನರಕ್ಕೆ ತಲುಪುವುದಿಲ್ಲ, ಮಗುವಿನ ಕಾಲು ಉಳಿಯುತ್ತದೆ. ಆದರೆ ಬರೀ ಚುಚ್ಚುಮದ್ದು ಪಡೆದ ಮಗುವಿನ ಕರುಳಿನಲ್ಲಿ ವೈರಸ್ಸು ಬೆಳೆದು, ಮಲದ ಮೂಲಕ ಪಕ್ಕದ ಮನೆಗೆ ಹೋಗಬಹುದು. 2005ರಿಂದ ಚುಚ್ಚುಮದ್ದನ್ನೇ ನೆಚ್ಚಿದ್ದ ಇಸ್ರೇಲಿನಲ್ಲಿ 2013ರಲ್ಲಿ ಆದದ್ದು ಇದೇ. ಒಂದು ಮಗುವಿಗೂ ಪಾರ್ಶ್ವವಾಯು ಬರಲಿಲ್ಲ, ಚರಂಡಿ ನೀರಿನಲ್ಲಿ ಮಾತ್ರ ವೈರಸ್ಸು ತಿಂಗಳುಗಟ್ಟಲೆ ಸಿಗುತ್ತಲೇ ಇತ್ತು. ಕೊನೆಗೆ ಅಲ್ಲಿನ ಮಕ್ಕಳಿಗೆ ಹನಿ ಹಾಕಿದರು. ಬಾಯಿಂದ ಹೋಗುವ ಹನಿ ಕರುಳಿನ ಕಾವಲನ್ನೇ ತಯಾರು ಮಾಡುತ್ತದೆ.

ಹಾಗಂತ ಚುಚ್ಚುಮದ್ದು ದಂಡವಲ್ಲ. ಮೊದಲು ಹನಿ ಹಾಕಿಸಿಕೊಂಡ ಮಕ್ಕಳಿಗೆ ಅದನ್ನು ಕೊಟ್ಟರೆ ಕರುಳಿನ ರಕ್ಷಣೆಯೂ ಬಲಗೊಳ್ಳುತ್ತದೆ ಎಂದು ಉತ್ತರ ಪ್ರದೇಶದ ಮೊರಾದಾಬಾದ್‌ನಲ್ಲಿ ನಡೆದ ಅಧ್ಯಯನವೇ ತೋರಿಸಿತು. ಹನಿಗೂ ಒಂದು ದೋಷವಿದೆ: ಅದರೊಳಗಿನ ಬಲಗುಂದಿಸಿದ ವೈರಸ್ಸು ಅಪರೂಪಕ್ಕೆ ಮತ್ತೆ ರೋಗ ತರುವಷ್ಟು ಬಲಿಯಬಹುದು. ಅದನ್ನೂ ಬರೆಯೋಣ. ಮುಚ್ಚಿಟ್ಟರೆ ವಾಟ್ಸಾಪ್ ಬರೆಯುತ್ತದೆ, ತನಗೆ ಬೇಕಾದಂತೆ.

2021ರಲ್ಲಿ ‘ಲಸಿಕೆ ಪಡೆದರೂ ಕೊರೊನಾ!’ ಎಂದು ನಾನೇ ಹೆಡ್ಡಿಂಗ್ ಕೊಟ್ಟಿದ್ದೆ, ಆಶ್ಚರ್ಯಸೂಚಕ ಸಮೇತ. ತೋಳಿಗೆ ಕೊಟ್ಟ ಲಸಿಕೆ ಮೂಗಿನ ಬಾಗಿಲನ್ನು ಅಷ್ಟಾಗಿ ಕಾಯುವುದಿಲ್ಲ, ಆದರೆ ಐಸಿಯುವಿಗೆ ಹೋಗುವುದನ್ನು ಬಹುಮಟ್ಟಿಗೆ ತಪ್ಪಿಸುತ್ತದೆ ಎಂಬ ಸಾಲು ಆ ವರದಿಯಲ್ಲಿ ಇರಲಿಲ್ಲ. ಅದನ್ನು ಓದಿ ಎರಡನೇ ಡೋಸ್ ಬಿಟ್ಟವರು ನನ್ನ ಊರಲ್ಲೇ ಇದ್ದಾರೆ.

ಆ ತಾಯಿಯ ಪ್ರಶ್ನೆಗೆ ಉತ್ತರವಾಗಿ ಆರು ಸಾಲು ಬರೆದು ಅದೇ ರಾತ್ರಿ ಕಳಿಸಿದೆ. ಡೆಸ್ಕ್‌ನಿಂದ ‘ಜಾಗ ಇಲ್ಲ’ ಎಂದು ಮೆಸೇಜ್ ಬಂತು. ಬೆಳಿಗ್ಗೆ ಪುಟ ತೆರೆದರೆ ಅಮೃತಬಳ್ಳಿ ಕಷಾಯಕ್ಕೆ ಮೂರು ಕಾಲಂ.