ರೋಹಿತಗಳ ಸಾಲನ್ನು ಓದುವ ಬಗೆ

ನ್ಯೂಕ್ಲಿಯ ಕಾಂತೀಯ ಅನುರಣನವೆಂಬ ವಿಧಾನವನ್ನು ಕಾಲೇಜುಗಳಲ್ಲಿ ಕಲಿಸುವಾಗ ವಿದ್ಯಾರ್ಥಿಯ ಮುಂದೆ ಒಂದೇ ಒಂದು ರೋಹಿತವನ್ನಿಟ್ಟು, ಅದರ ರೇಖೆಗಳನ್ನು ನೋಡಿ ವಸ್ತು ಯಾವುದೆಂದು ಹೇಳಿಸುವುದು ವಾಡಿಕೆ. ಪರೀಕ್ಷಕರಿಗೆ ಇದು ಅನುಕೂಲವಾದ ಪದ್ಧತಿಯೇ ಸರಿ. ಆದರೆ ಅಣುವಿನ ಚಲನೆಯನ್ನು ತಿಳಿಯಬೇಕಾದಲ್ಲಿ ಬಿಡಿ ರೋಹಿತ ಸಾಲದು. ಒಂದೇ ವಸ್ತುವಿನಿಂದ ಹತ್ತಾರು ಉಷ್ಣತೆಗಳಲ್ಲಿ ಪಡೆದ ರೋಹಿತಗಳೆಲ್ಲವೂ ಸೇರಿ ಒಂದು ಪ್ರಯೋಗ. ಅವನ್ನು ಒಟ್ಟಿಗೆ ಇಟ್ಟು ಒಟ್ಟಿಗೇ ಓದಬೇಕೆಂಬುದು ನನ್ನ ವಾದ.

ಬಲವಾದ ಕಾಂತಕ್ಷೇತ್ರದಲ್ಲಿಟ್ಟ ಹೈಡ್ರೊಜನ್ ಪರಮಾಣುವಿನ ಬೀಜವು ತಕ್ಕ ಆವರ್ತಾಂಕದ ರೇಡಿಯೊ ಅಲೆಯನ್ನು ಹೀರುತ್ತದೆ. ಬೀಜದ ನೆರೆಹೊರೆ ಬದಲಾದರೆ ಆ ಆವರ್ತಾಂಕವೂ ತುಸು ಬದಲಾಗುವುದರಿಂದ ರೋಹಿತದಲ್ಲಿ ಬೇರೆ ಬೇರೆ ರೇಖೆಗಳು ಮೂಡುತ್ತವೆ. ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರವವನ್ನು ನೋಡಿ. ಇದರ ಅಣುವಿನಲ್ಲಿ ನೈಟ್ರೊಜನ್ನಿಗೆ ಸೇರಿದ ಎರಡು ಮೀಥೈಲ್ ಗುಂಪುಗಳುಂಟು. ನೈಟ್ರೊಜನ್ನಿಗೂ ಪಕ್ಕದ ಕಾರ್ಬನ್ನಿಗೂ ನಡುವಣ ಬಂಧವು ಸುಲಭವಾಗಿ ತಿರುಗದು. ಆದುದರಿಂದ ಒಂದು ಗುಂಪು ಆಕ್ಸಿಜನ್ನಿನ ಕಡೆಗೂ ಇನ್ನೊಂದು ಅದಕ್ಕೆ ಎದುರಾಗಿಯೂ ನಿಂತು, ಕೋಣೆಯ ಉಷ್ಣತೆಯಲ್ಲಿ ಎರಡು ರೇಖೆಗಳು ಕಾಣುತ್ತವೆ. ಕಾಯಿಸುತ್ತ ಹೋದಂತೆ ಬಂಧವು ಬೇಗಬೇಗ ತಿರುಗತೊಡಗಿ, ರೇಖೆಗಳು ಅಗಲವಾಗಿ ಒಂದನ್ನೊಂದು ಸಮೀಪಿಸುತ್ತವೆ. 60 ಮೆಗಾಹರ್ಟ್ಸ್ ಯಂತ್ರದಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಅವೆರಡೂ ಕೂಡಿ ಒಂದೇ ದಿಬ್ಬವಾಗುತ್ತವೆ. ಇನ್ನೂ ಕಾಯಿಸಿದರೆ ಆ ದಿಬ್ಬವೇ ಚೂಪಾದ ಒಂದು ಶಿಖರವಾಗುತ್ತದೆ.

ಈ ಸಾಲಿನಿಂದ, ಬಂಧವನ್ನು ತಿರುಗಿಸಲು ಎಷ್ಟು ಶಕ್ತಿ ಬೇಕೆಂಬುದನ್ನು ಗಣಿಸಬಹುದು. ಅಮೆರಿಕದ ಗುಟೌಸ್ಕಿ ಮತ್ತು ಹೋಮ್ 1956ರಲ್ಲಿ ಹಾಗೆ ಗಣಿಸಿ, ಮೋಲ್‌ಗೆ ಸುಮಾರು 7 ಕಿಲೊಕ್ಯಾಲರಿಯೆಂದು ಪ್ರಕಟಿಸಿದರು. ಇಂದು ಒಪ್ಪಿರುವ ಬೆಲೆಯಾದರೋ ಸುಮಾರು 21. ಮೂರು ಪಟ್ಟಿನ ವ್ಯತ್ಯಾಸ! ಅವರು ಸಾಮಾನ್ಯರಲ್ಲ, ಈ ಬಗೆಯ ಅಧ್ಯಯನಕ್ಕೆ ದಾರಿ ತೆರೆದವರೇ ಅವರು. ಆದರೆ ಅಂದಿನ ವಿಧಾನವು ಪ್ರತಿಯೊಂದು ರೋಹಿತದಿಂದಲೂ ರೇಖೆಗಳ ನಡುವಣ ಅಂತರವೆಂಬ ಒಂದೇ ಸಂಖ್ಯೆಯನ್ನು ಆಯ್ದುಕೊಳ್ಳುತ್ತಿತ್ತು. ಆ ಅಂತರವು ಕಣ್ಣಿಗೆ ಕಾಣುವಷ್ಟು ಕುಗ್ಗುವುದು ಉಷ್ಣತೆಯ ಕಿರಿದಾದ ಮೇರೆಯೊಳಗೆ ಮಾತ್ರ. ರೇಖೆಯ ಪೂರ್ಣ ಆಕಾರದಲ್ಲಿ ಅಡಗಿದ್ದ ಮಾಹಿತಿ ಹಾಗೆಯೇ ಉಳಿಯಿತು. ಮುಂದೆ ಕಂಪ್ಯೂಟರು ಬಂದ ಮೇಲೆ ಇಡೀ ಆಕಾರವನ್ನೇ ಗಣಿತದೊಡನೆ ಹೋಲಿಸುವುದು ಸಾಧ್ಯವಾಯಿತು.

ಇಂದಿನ ತಂತ್ರಾಂಶವು ರೋಹಿತಗಳನ್ನು ಉಷ್ಣತೆಯ ಕ್ರಮದಲ್ಲಿ ಒಂದರ ಮೇಲೊಂದಾಗಿ ಜೋಡಿಸಿ, ಎಲ್ಲವನ್ನೂ ಒಂದೇ ರೀತಿಯಲ್ಲಿ ಸಂಸ್ಕರಿಸಿ, ಒಂದೇ ಲೆಕ್ಕದಲ್ಲಿ ಹೊಂದಿಸುತ್ತದೆ. ಇದರ ಪ್ರಯೋಜನ ಶ್ರಮದ ಉಳಿತಾಯವಷ್ಟೇ ಎಂದು ಭಾವಿಸುವವರುಂಟು. ನಾನು ಒಪ್ಪಲಾರೆ. ರೇಖೆಗಳು ಕೂಡಿಹೋದ ರೋಹಿತವು, ಬಂಧ ತಿರುಗದಿದ್ದರೆ ಅವುಗಳ ಅಂತರ ಎಷ್ಟಿರುತ್ತಿತ್ತೆಂಬುದನ್ನು ತಾನಾಗಿ ತಿಳಿಸದು. ಆ ಅಂತರವೂ ಉಷ್ಣತೆಯೊಡನೆ ಮೆಲ್ಲನೆ ಸರಿಯುತ್ತಿರುತ್ತದೆ. ಅದನ್ನು ಕಲಿಯಬೇಕಾದುದು ತಣ್ಣಗಿನ ರೋಹಿತಗಳಿಂದಲೇ. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಈ ಸಂಬಂಧವು, ಬಿಡಿ ಹಾಳೆಗಳಿಂದ ಎತ್ತಿಕೊಂಡ ಅಂಕೆಗಳ ಪಟ್ಟಿಯಲ್ಲಿ ಕಡಿದುಹೋಗುತ್ತದೆ.

ಹಾಗೆಂದು ಗುಂಡಿಯೊತ್ತಿ ಉತ್ತರ ಬರೆದುಕೊಳ್ಳುವುದೂ ವಿಜ್ಞಾನವಲ್ಲ. ಉತ್ತರ ಕೊಡಲಾರೆನೆಂದು ತಂತ್ರಾಂಶವು ಹೇಳುವುದು ಬಹಳ ಅಪರೂಪ! ಗಣಿಸಿದ ಆಕಾರಕ್ಕೂ ಅಳೆದ ಆಕಾರಕ್ಕೂ ಉಳಿದ ವ್ಯತ್ಯಾಸವನ್ನು ಪ್ರತಿಯೊಂದು ಉಷ್ಣತೆಗೂ ಚಿತ್ರಿಸಿ ನೋಡಬೇಕು. ಹೊಂದದ ರೋಹಿತವನ್ನು ಸದ್ದಿಲ್ಲದೆ ತೆಗೆದುಹಾಕುವ ಅಭ್ಯಾಸವು ತೀರ ಕೆಟ್ಟದ್ದು. ಅನೇಕ ವೇಳೆ ನಿಜವನ್ನು ಹೇಳುತ್ತಿರುವುದು ಅದೇ.

ವಿದ್ಯಾರ್ಥಿಯ ವರದಿಯೊಡನೆ ಸಾಲಿನ ಮೂಲ ಸಂಕೇತಗಳನ್ನೂ, ಯಂತ್ರದ ಆವರ್ತಾಂಕವನ್ನೂ, ಪ್ರತಿಯೊಂದರ ಉಷ್ಣತೆಯನ್ನೂ ಒಂದೇ ಕಡತದಲ್ಲಿ ಕೇಳಿ ಪಡೆಯುವುದು ಅಧ್ಯಾಪಕರಿಗೆ ಕಷ್ಟವಲ್ಲ. ಉಷ್ಣತೆಯೆಂದರೆ ಯಂತ್ರದ ಫಲಕ ತೋರಿಸುವ ಅಂಕೆಯಲ್ಲ, ನಳಿಗೆಯೊಳಗಿನದು. ಈಥಿಲೀನ್ ಗ್ಲೈಕಾಲ್ ತುಂಬಿದ ನಳಿಗೆಯನ್ನಿಟ್ಟು, ಅದರ ಎರಡು ರೇಖೆಗಳ ಅಂತರವನ್ನಳೆದರೆ ಅದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ.